ಕಂಬದ ಮೇಲಿನ ಡೇಗೆ ಸಂಸಾರ

ಊರಿನ ನೆತ್ತಿಯ ಮೇಲೆ ನಿಂತ ಆ ಕರಿಬಂಡೆಯನ್ನು ಜನ ಸುಮ್ಮನೆ ‘ಗೋಡೆ’ ಎನ್ನುತ್ತಿದ್ದರು. ಮನುಷ್ಯರು ಹುಟ್ಟುವುದಕ್ಕೆ ಎಷ್ಟೋ ಮೊದಲು ಜ್ವಾಲಾಮುಖಿಯೊಂದು ಉಗುಳಿದ ಲಾವಾ ಅಲ್ಲಿಯವರೆಗೆ ಹರಿದು ಬಂದು, ನಿಂತು, ಆರುತ್ತ ಆರುತ್ತ ಆರು ಮೂಲೆಯ ಕಂಬಗಳಾಗಿ ಸೀಳಿಕೊಂಡಿತ್ತು. ಭುಜಕ್ಕೆ ಭುಜ ತಾಗಿಸಿ ನಿಂತ ನೂರಾರು ಕರಿ ಕಂಬಗಳು. ಅವುಗಳ ಸಂದಿಗಳಲ್ಲಿ ಜರೀಗಿಡ, ಜೇನುಗೂಡು, ಬಿಸಿಲು ಬಿದ್ದೊಡನೆ ಹೊರಬಂದು ಮೈ ಕಾಯಿಸಿಕೊಳ್ಳುವ ಓತಿಕ್ಯಾತಗಳು. ಬುಡದ ಕಲ್ಲುರಾಶಿಯಲ್ಲಿ ನರಿಗಳ ಬಿಡಾರ. ಗೋಡೆಗೂ ನದಿಗೂ ನಡುವೆ ಒಂದೇ ಒಂದು ರಸ್ತೆಗೆ, ಒಂದೇ ಒಂದು ಸಾಲು ಅಂಗಡಿಗೆ ಜಾಗವಿತ್ತು. ಮನೆಗಳೆಲ್ಲ ಸೇತುವೆ ದಾಟಿದ ಮೇಲೆ, ಆಚೆ ದಂಡೆಯ ಇಳಿಜಾರಿನಲ್ಲಿ.

ಆ ಗೋಡೆಯಿಂದ ರಸ್ತೆಯ ಮೇಲೆ ಕಲ್ಲು ಬೀಳದ ಹಾಗೆ ನೋಡಿಕೊಳ್ಳುವುದು ಹಲ್ಲಿಯ ಕೆಲಸ. ಅವಳಿಗೆ ಅಪ್ಪ ಅಮ್ಮ ಇಟ್ಟ ಹೆಸರು ಬೇರೆ ಇತ್ತು. ಆದರೆ ಹಗ್ಗ ಕಟ್ಟಿಕೊಂಡು ಬಂಡೆಗೆ ಅಂಟಿಕೊಂಡೇ ದಿನ ಕಳೆಯುವವಳನ್ನು ಊರಿನವರು ಇನ್ನೇನೆಂದು ಕರೆದಾರು? ಗಂಡನೂ ಹಾಗೇ ಕರೆಯುತ್ತಿದ್ದ, ಅತ್ತೆಯೂ ಹಾಗೇ ಕರೆಯುತ್ತಿದ್ದರು. ಅವಳಿಗೆ ಬೇಸರವೇನೂ ಇರಲಿಲ್ಲ. ಮೇಲಿನಿಂದ ಇಳಿಯುತ್ತ ಒಂದೊಂದೇ ಕಂಬವನ್ನು ಸುತ್ತಿಗೆಯಿಂದ ತಟ್ಟಿ ಕಿವಿಗೊಡುವಳು. ಗಟ್ಟಿ ಕಂಬ ‘ಟಣ್’ ಅನ್ನುತ್ತದೆ. ಹಿಂಬದಿ ಸಡಿಲವಾದದ್ದು ‘ಬೊದ್’ ಅನ್ನುತ್ತದೆ. ಬೊದ್ ಅಂದದ್ದನ್ನು ಹಾರೆಯಿಂದ ಮೀಟಿ ಕೆಡವುವುದು. ಹೀಗೆ ಕೆಡವಿ ಕೆಡವಿ ಅವಳ ತೋಳು ಎಷ್ಟು ಗಟ್ಟಿಯಾಗಿತ್ತೆಂದರೆ, ಮನೆಯಲ್ಲಿ ಬಿಗಿಯಾದ ಡಬ್ಬಿಯ ಮುಚ್ಚಳ ತೆಗೆಯಲು ಯಾರೂ ಗಂಡನನ್ನು ಕರೆಯುತ್ತಿರಲಿಲ್ಲ.

ಗಂಡ ಕ್ಷೌರಿಕ. ಆ ಒಂದೇ ಸಾಲಿನ ಅಂಗಡಿಗಳಲ್ಲಿ ಅವನದೂ ಒಂದು. ಏಣಿಯ ಎರಡನೇ ಮೆಟ್ಟಿಲು ಹತ್ತಿದರೆ ತಲೆ ಸುತ್ತುವ ಮನುಷ್ಯ. ಹೆಂಡತಿ ಮೇಲೆ ನೇತಾಡುತ್ತಿರುವಾಗ ಅವನು ಅಪ್ಪಿತಪ್ಪಿಯೂ ತಲೆಯೆತ್ತಿ ನೋಡುತ್ತಿರಲಿಲ್ಲ. ನೋಡುವ ಕೆಲಸವನ್ನು ಅವನ ತಾಯಿ ವಹಿಸಿಕೊಂಡಿದ್ದರು. ದೂರವಾಣಿ ಕಚೇರಿಯಲ್ಲಿ ಆಪರೇಟರ್ ಆಗಿ ನಿವೃತ್ತರಾದವರು. ಒಬ್ಬರ ಮಾತನ್ನು ಇನ್ನೊಬ್ಬರಿಗೆ ಮುಟ್ಟಿಸದಿದ್ದರೆ ಅವರಿಗೆ ಉಂಡದ್ದು ಅರಗುತ್ತಿರಲಿಲ್ಲ. ಮನೆಯ ತಾರಸಿಯ ಮೇಲೆ ಕುರ್ಚಿ ಹಾಕಿಕೊಂಡು, ದುರ್ಬೀನು ಹಿಡಿದು, ಸೊಸೆ ಗೋಡೆಯ ಮೇಲೆ ಎಲ್ಲಿದ್ದಾಳೆ, ಏನು ಮಾಡುತ್ತಿದ್ದಾಳೆ ಎಂಬುದನ್ನು ಫೋನಿನಲ್ಲಿ ಮಗನಿಗೂ, ಅವನ ಅಂಗಡಿಯಲ್ಲಿ ಮುಖಕ್ಕೆ ನೊರೆ ಹಚ್ಚಿಸಿಕೊಂಡು ಕೂತ ಗಿರಾಕಿಗಳಿಗೂ ಒಟ್ಟಿಗೇ ವರದಿ ಮಾಡುತ್ತಿದ್ದರು.

ಆ ವರ್ಷ ಮಳೆಗಾಲಕ್ಕೆ ಮುಂಚಿನ ತಪಾಸಣೆಯಲ್ಲಿ ಹಲ್ಲಿ ಗೋಡೆಯ ನಡುಭಾಗಕ್ಕೆ ಇಳಿದಳು. ಅಲ್ಲಿ ಉಳಿದವುಗಳಿಗಿಂತ ಮುಂದಕ್ಕೆ ಚಾಚಿಕೊಂಡ ಒಂದು ದೊಡ್ಡ ಕಂಬವಿತ್ತು. ತುದಿ ಮುರಿದು ಮೇಲ್ಭಾಗ ಚಪ್ಪಟೆಯಾಗಿತ್ತು. ತಟ್ಟಿದಳು. ಬೊದ್. ಇನ್ನಷ್ಟು ಕೆಳಗೆ ತಟ್ಟಿದಳು. ಅಲ್ಲೂ ಬೊದ್. ಪಕ್ಕಕ್ಕೆ ಸರಿದು ಹಿಂಭಾಗ ನೋಡಿದರೆ, ಹೋದ ವರ್ಷ ಬೆರಳು ತೂರದಿದ್ದ ಬಿರುಕಿನಲ್ಲಿ ಈಗ ತೋಳು ತೂರುವಷ್ಟು ಜಾಗ. ಒಳಗಿನಿಂದ ತಣ್ಣಗಿನ ಗಾಳಿ ಬೀಸುತ್ತಿತ್ತು, ಎಲ್ಲೋ ನೀರು ತೊಟ್ಟಿಕ್ಕುವ ಸದ್ದು.

“ಗಂಟಣ್ಣಾ,” ಎಂದು ಅವಳು ವಾಕಿಟಾಕಿಯಲ್ಲಿ ಹೇಳಿದಳು, “ಇದು ಹೊರಟು ನಿಂತಿದೆ.”

ಗಂಟಣ್ಣ ಅವಳ ಜೊತೆಗಾರ. ಮೇಲೆ ನಿಂತು ಹಗ್ಗ ನೋಡಿಕೊಳ್ಳುವವನು. ಹಾಕಿದ ಗಂಟನ್ನೇ ಮತ್ತೆ ಮತ್ತೆ ಎಳೆದು ನೋಡುವ ಅಭ್ಯಾಸದಿಂದ ಬಂದ ಹೆಸರು ಅದು. ಆನೆಯಂಥ ಮೈ, ಮಾತು ಮಾತ್ರ ಮೆಲ್ಲಗೆ. “ಎಷ್ಟು ಹೊರಟಿದೆ?” ಎಂದು ಕೇಳಿದ.

ಅವಳು ಉತ್ತರ ಕೊಡುವ ಮೊದಲೇ ಹೆಲ್ಮೆಟ್ಟಿನ ಮೇಲೆ ಯಾರೋ ಕಲ್ಲೆಸೆದಂತೆ ಪೆಟ್ಟು ಬಿತ್ತು. ತಲೆ ಗಿರ್ ಎಂದಿತು. ಎರಡನೇ ಸಲ ಅದು ಬರುವಾಗ ಅವಳು ಕಂಡಳು: ಬೂದು ಬೆನ್ನಿನ, ಬಿಳಿ ಎದೆಯ ಬೇಟೆಹಕ್ಕಿ, ಹೆಣ್ಣು ಡೇಗೆ, ರೆಕ್ಕೆ ಮಡಿಸಿಕೊಂಡು ನೇರವಾಗಿ ಮುಖಕ್ಕೇ ಇಳಿಯುತ್ತಿತ್ತು. ಹಲ್ಲಿ ಕಂಬಕ್ಕೆ ಕೈ ತಾಗಿಸದೆ, ಹಗ್ಗದಲ್ಲೇ ಸ್ವಲ್ಪ ಮೇಲೇರಿ ಚಪ್ಪಟೆ ತುದಿಯತ್ತ ಇಣುಕಿದಳು. ಬರೀ ಜಲ್ಲಿಕಲ್ಲಿನ ಮೇಲೆ ಮೂರು ಮರಿಗಳು. ಬಿಳಿ ತುಪ್ಪುಳು, ದೊಡ್ಡ ಕಣ್ಣು, ಇವಳನ್ನು ನೋಡಿದ ಕೂಡಲೇ ತೆರೆದುಕೊಂಡ ಮೂರು ಬಾಯಿ.

ಸಂಜೆಯೊಳಗೆ ರಸ್ತೆಯ ಆ ಭಾಗ ಮುಚ್ಚಿತು, ಅಂಗಡಿಗಳಿಗೆ ಬೀಗ ಬಿತ್ತು. ರಸ್ತೆ ಇಲಾಖೆಯ ಎಂಜಿನಿಯರ್ ಬಂದು ಬಿರುಕಿನ ಎರಡೂ ಬದಿಗೆ ಅಳತೆಯ ಗುರುತು ಹಾಕಿಸಿದರು. ನಿವೃತ್ತಿಗೆ ಹತ್ತಿರವಾಗಿದ್ದ, ಅವಸರವಿಲ್ಲದ ಮನುಷ್ಯ. ಅವರ ಜೊತೆಗೆ ವನ್ಯಜೀವಿ ಇಲಾಖೆಯಿಂದ ಬಂದಾಕೆಯನ್ನು ಊರಿನವರು ಆವತ್ತೇ ‘ಹಕ್ಕಿ ಮೇಡಂ’ ಮಾಡಿಬಿಟ್ಟರು. ರಸ್ತೆ ಇಲಾಖೆಯ ಶೆಡ್ಡಿನಲ್ಲಿ ಎಲ್ಲರೂ ಸೇರಿದರು.

“ಹಿಂದೆ ನೀರು ತುಂಬ್ತಾ ಇದೆ,” ಎಂದರು ಎಂಜಿನಿಯರ್. “ಮಳೆ ಶುರುವಾದ್ರೆ ನೀರೇ ಇದನ್ನ ತಳ್ಳುತ್ತೆ. ಆಗ ಯಾವಾಗ ಬೀಳುತ್ತೆ, ಎಲ್ಲಿ ಬೀಳುತ್ತೆ ಅಂತ ಯಾರೂ ಹೇಳೋಕಾಗಲ್ಲ. ಅದಕ್ಕೆ ಮುಂಚೆ ನಾವೇ ಬೀಳಿಸಬೇಕು.”

“ಮರಿಗಳಿಗೆ ರೆಕ್ಕೆ ಬಲಿಯೋಕೆ ಇನ್ನೂ ತಿಂಗಳು ಬೇಕು,” ಎಂದರು ಹಕ್ಕಿ ಮೇಡಂ. “ಅಷ್ಟು ಸಮಯ ಇಲ್ಲ ಅಂದ್ರೆ ಎತ್ಕೊಂಡು ಹೋಗಿ ಪಂಜರದಲ್ಲಿ ಸಾಕ್ತೀವಿ. ಬದುಕ್ತಾವೆ. ಆದ್ರೆ ಬೇಟೆ ಕಲಿಸೋಕೆ ಅಪ್ಪ ಅಮ್ಮ ಇರಲ್ಲ. ಆಮೇಲೆ ಬಿಟ್ರೂ ಎಷ್ಟು ಉಳೀತಾವೋ ಗೊತ್ತಿಲ್ಲ.”

ಹಲ್ಲಿ ಮೂಲೆಯಲ್ಲಿ ಹಗ್ಗ ಸುತ್ತುತ್ತಿದ್ದವಳು ಎದ್ದು ಬಂದಳು. ಅವಳಿಗೆ ಹಕ್ಕಿಗಳ ಮೇಲೆ ವಿಶೇಷ ಮಮತೆಯೇನೂ ಇರಲಿಲ್ಲ. ಹೆಲ್ಮೆಟ್ಟಿನ ಮೇಲೆ ಉಗುರಿನ ಗೀರು ಇನ್ನೂ ಹಸಿಯಾಗಿತ್ತು.

“ಬಂಡೆ ಬೀಳಿಸೋದು ನನ್ನ ಕೆಲಸ,” ಎಂದಳು. “ಮರಿಗಳ ಸಮೇತ ಬೀಳಿಸೋದಲ್ಲ. ಪಂಜರ ಯಾಕೆ ಮೇಡಂ? ಗೋಡೆ ಅಷ್ಟು ದೊಡ್ಡದಿದೆ. ಅಲ್ಲೇ ಬೇರೆ ಕಡೆ ಮನೆ ಬದಲಾಯಿಸಿಕೊಟ್ರೆ ಆಯ್ತಲ್ಲ?”

“ಒಂದೇ ಸಲ ದೂರ ಇಟ್ರೆ ಅಪ್ಪ ಅಮ್ಮ ಹುಡುಕಿ ಬರಲ್ಲಮ್ಮ. ಗೂಡಿನ ಜಾಗಾನೇ ಅವಕ್ಕೆ ಮುಖ್ಯ.”

“ಒಂದೇ ಸಲ ಬೇಡ. ದಿನಾ ಒಂದೊಂದು ಮಾರು.”

ಹಕ್ಕಿ ಮೇಡಂ ಅವಳನ್ನು ದಿಟ್ಟಿಸಿ ನೋಡಿದರು. ಮುಖದಲ್ಲಿ ನಗು ಮೂಡಿತು. “ಬೇರೆ ಕಡೆ ಮಾಡಿದಾರೆ ಅಂತ ಓದಿದೀನಿ. ಕಟ್ಟಡಗಳ ಮೇಲೆ. ಇಂಥ ಬಂಡೆ ಮೇಲೆ ಯಾರು ಮಾಡ್ತಾರೆ ಅಂತ ನಾನು ಬಾಯಿ ಬಿಟ್ಟಿರಲಿಲ್ಲ ಅಷ್ಟೇ.”

“ನಾವು ಮಾಡ್ತೀವಿ,” ಎಂದಳು ಹಲ್ಲಿ. ಗಂಟಣ್ಣ ಆ ‘ನಾವು’ ಕೇಳಿಸಿಕೊಂಡು ಕತ್ತು ತುರಿಸಿಕೊಂಡ.

ಜಾಗವನ್ನೂ ಅವಳೇ ತೋರಿಸಿದಳು. ಕಂಬದ ಎಡಕ್ಕೆ, ಗೋಡೆ ಮೂಗಿನಂತೆ ಮುಂದೆ ಬಂದು ತಿರುಗುವ ಕಡೆ, ತಿರುವಿನ ಆಚೆ ಒಂದು ಪೊಟರೆ ಇತ್ತು. ಲಾವಾ ಆರುವಾಗ ಒಳಗೆ ಸಿಕ್ಕಿಕೊಂಡ ಗಾಳಿಯ ಗುಳ್ಳೆ ಬಿಟ್ಟುಹೋದ ಜಾಗ. ಒಬ್ಬ ಮನುಷ್ಯ ಮುದುರಿ ಕೂರುವಷ್ಟು ದೊಡ್ಡದು, ಮಳೆ ಸೋಕದ್ದು, ನರಿಯೂ ಹತ್ತಲಾರದಷ್ಟು ಎತ್ತರದ್ದು. ಸುತ್ತಲಿನ ಕಂಬಗಳೆಲ್ಲ ಟಣ್ ಎನ್ನುವಂಥವು. ಎಂಜಿನಿಯರ್ ಎರಡು ಷರತ್ತು ಹಾಕಿದರು. ಹಗ್ಗ ಹಿಂದಿನ ಗಟ್ಟಿ ಬಂಡೆಗೇ ಕಟ್ಟಬೇಕು, ಯಾರೂ ಆ ಕಂಬದ ಮೇಲೆ ಭಾರ ಬಿಡಬಾರದು. ಮತ್ತು ಗುರುತುಗಳು ಸರಿದ ದಿನ ಕಂಬದ ಆಸುಪಾಸಿನ ಕೆಲಸ ನಿಲ್ಲಬೇಕು, ಮರಿಗಳು ಎಲ್ಲೇ ಇರಲಿ.

ಅಂಗಡಿ ಸಾಲಿನವರಿಗೆ ಇದು ಹಿಡಿಸಲಿಲ್ಲ. ಬೇಕರಿಯಾಕೆ ಸೇತುವೆಯ ಮೇಲೆ ಹಲ್ಲಿಯನ್ನು ತಡೆದು ನಿಲ್ಲಿಸಿ, “ಮೂರು ಹಕ್ಕಿಗೋಸ್ಕರ ನಮ್ಮ ಒಲೆ ಆರಿಸಿ ಕೂರಬೇಕಾ?” ಎಂದು ಜೋರು ಮಾಡಿದಳು.

“ಕಂಬ ಬೀಳೋವರೆಗೆ ಹೇಗೂ ಆರಿಸಲೇಬೇಕು ಅಕ್ಕ. ಬೀಳಿಸೋ ಸಾಮಾನು ಬರೋಕೇ ವಾರ ಹಿಡಿಯುತ್ತೆ. ಆ ವಾರ ನಾನು ಸುಮ್ನೆ ಕೂತಿದ್ರೆ ನಿಮಗೇನು ಲಾಭ?”

ಬೇಕರಿಯಾಕೆ ಮೂಗು ಮುರಿದು ಹೋದಳು. ಕ್ಷೌರಿಕ ಮಾತ್ರ ಕುರ್ಚಿ, ಕನ್ನಡಿ ಹೊತ್ತು ತಂದು ಮನೆಯ ಜಗುಲಿಯಲ್ಲೇ ಅಂಗಡಿ ತೆರೆದ.

ಮರಿಗಳಿಗಾಗಿ ಅವನೇ ಒಂದು ಮರದ ತಟ್ಟೆ ಮಾಡಿಕೊಟ್ಟ. ಸುತ್ತ ಮೋಟು ಅಂಚು, ನೀರು ಇಳಿಯಲು ತಳದಲ್ಲಿ ತೂತು, ನಾಲ್ಕು ಮೂಲೆಗೆ ಕಬ್ಬಿಣದ ಬಳೆ. ಹಕ್ಕಿ ಮೇಡಂ ಹೇಳಿದಂತೆ, ಮರಿಗಳು ಕೂತ ಜಾಗದ ಜಲ್ಲಿಯನ್ನೇ ಅದರಲ್ಲಿ ಹರಡಬೇಕಿತ್ತು. “ಮರ ಒರಟಾಗಿದ್ರೆ ಮರಿ ಕಾಲಿಗೆ ಚುಚ್ಚುತ್ತೆ ಅಂತ ಉಜ್ಜಿ ಉಜ್ಜಿ ನಯ ಮಾಡಿದೀನಿ,” ಎಂದ. ಆಮೇಲೆ ಸಣ್ಣ ದನಿಯಲ್ಲಿ, “ನೀನು ಹುಷಾರು,” ಎಂದ. ಅವನಿಂದ ಅಷ್ಟು ಬಂದರೆ ಅದು ದೊಡ್ಡ ಭಾಷಣವೇ.

ಮೊದಲ ಬೆಳಿಗ್ಗೆ ಹಲ್ಲಿ ಇಳಿದಳು. ಗಂಟಣ್ಣನೂ ಪಕ್ಕದ ಹಗ್ಗದಲ್ಲಿ ಇಳಿದ, ಕೈಯಲ್ಲಿ ಬಿಚ್ಚಿದ ಛತ್ರಿ. ಡೇಗೆಯ ಏಟು ತಡೆಯುವ ಹೊಣೆ ಅವನದು. ಎಷ್ಟೇ ಎತ್ತರದಲ್ಲೂ ನಡುಗದ ಅವನಿಗೆ ಹಕ್ಕಿಯೆಂದರೆ ಜೀವ ಬಾಯಿಗೆ ಬರುತ್ತಿತ್ತು.

“ಬಂತು, ಬಂತು!” ಎಂದ. ಡೇಗೆ ಛತ್ರಿಯ ಬಟ್ಟೆ ಸೀಳಿಕೊಂಡು ಹೋಯಿತು. “ಅಯ್ಯೋ, ಇದು ಹಕ್ಕಿಯೋ ಕತ್ತರಿಯೋ!”

“ಛತ್ರಿ ನನ್ನ ತಲೆ ಮೇಲೆ ಹಿಡಿ ಮಾರಾಯ, ನಿನ್ನ ತಲೆ ಮೇಲಲ್ಲ!”

ಅವಳು ಒಂದೊಂದೇ ಮರಿಯನ್ನು ಎರಡು ಕೈಯಲ್ಲಿ ಎತ್ತಿದಳು. ಕೈಯೊಳಗೆ ಬಿಸಿ, ಪುಟ್ಟ ಎದೆಯ ಡವಡವ. ದೊಡ್ಡ ಮರಿ ಹೆಬ್ಬೆರಳು ಕಚ್ಚಿ ಹಿಡಿಯಿತು. ತಟ್ಟೆಯನ್ನು ಕಂಬದ ಪಕ್ಕದ ಗಟ್ಟಿ ಬಂಡೆಗೆ, ಹಳೆಯ ಜಾಗದಿಂದ ಬರೀ ಒಂದು ಮಾರು ದೂರಕ್ಕೆ, ಬೋಲ್ಟ್ ಹಾಕಿ ತೂಗುಹಾಕಿ ಇಬ್ಬರೂ ಮೇಲೇರಿದರು. ಆಮೇಲಿನದೆಲ್ಲ ಅತ್ತೆಯ ಕಣ್ಣಿಗೆ ಬಿಟ್ಟದ್ದು.

ಅತ್ತೆ ತಾರಸಿಯ ಮೇಲೆ ದುರ್ಬೀನಿಗೆ ಅಂಟಿಕೊಂಡಿದ್ದರು. ಪಕ್ಕದಲ್ಲಿ ಹಕ್ಕಿ ಮೇಡಂ. ಕೆಳಗೆ ಜಗುಲಿಯಲ್ಲಿ ಗಿರಾಕಿಗಳು ಬಾಯಿ ಮುಚ್ಚಿ ಕಿವಿ ತೆರೆದು ಕೂತಿದ್ದರು. ಹಲ್ಲಿಯ ಕಿವಿಗೆ ಫೋನಿನಲ್ಲಿ ಅತ್ತೆಯ ದನಿ ಬರುತ್ತಿತ್ತು: “ಹಳೇ ಜಾಗಕ್ಕೆ ಹೋಗಿ ಕೂತ್ಲು... ಆಚೆ ಈಚೆ ನೋಡ್ತಿದಾಳೆ... ಮರಿ ಕೂಗ್ತು ಅನ್ಸುತ್ತೆ, ತಲೆ ತಿರುಗಿಸಿದ್ಲು... ಹೋದ್ಲು... ಹಾರಿದ್ಲು... ಕೂತ್ಲು! ತಟ್ಟೆ ಅಂಚಲ್ಲೇ ಕೂತ್ಲು ಕಣೇ!” ಜಗುಲಿಯಿಂದ ಅರ್ಧ ಗಡ್ಡ ಕೆರೆಸಿಕೊಂಡಿದ್ದ ಒಬ್ಬ ನೊರೆಮುಖದಲ್ಲೇ ತಾರಸಿಗೆ ಓಡಿಬಂದ.

ಮರುದಿನ ಇನ್ನೊಂದು ಮಾರು. ಅದರ ಮರುದಿನ ಎರಡು. ತಾಯಿ ಡೇಗೆ ಪ್ರತಿ ಸಲವೂ ರೇಗಿತು, ಪ್ರತಿ ಸಲವೂ ಹಿಂಬಾಲಿಸಿತು. ಮೈ ಚಿಕ್ಕದಾದ ಗಂಡು ಡೇಗೆ ಜಗಳಕ್ಕೆ ಬರುತ್ತಲೇ ಇರಲಿಲ್ಲ. ಪಾರಿವಾಳ ಹಿಡಿದು ತಂದು ಗಾಳಿಯಲ್ಲೇ ಹೆಂಡತಿಗೆ ದಾಟಿಸಿ ಜಾಗ ಖಾಲಿ ಮಾಡುತ್ತಿತ್ತು. “ನಮ್ಮವನ ಹಾಗೆ,” ಎಂದರು ಅತ್ತೆ, ಜಗುಲಿಗೆ ಕೇಳಿಸುವಷ್ಟು ಜೋರಾಗಿ. ಸೇತುವೆಯ ಮೇಲೆ ಜನ ನಿಂತು ನೋಡತೊಡಗಿದರು. ಆ ಜನರಲ್ಲಿ ಒಂದು ದಿನ ಬೇಕರಿಯಾಕೆಯೂ ಇದ್ದಳು.

ತಟ್ಟೆ ಗೋಡೆಯ ಮೂಗಿನ ಹತ್ತಿರ ಬಂದ ದಿನ ಹಲ್ಲಿ ತಪ್ಪು ಮಾಡಿದಳು.

ಹಕ್ಕಿ ಮೇಡಂ ಹೇಳಿದ್ದು ಸ್ಪಷ್ಟವಾಗಿತ್ತು. ಮೂಗಿನ ತುದಿಯಲ್ಲಿ ಒಂದು ದಿನ ನಿಲ್ಲಿಸಿ, ಮರುದಿನ ಆಚೆಗೆ ತಿರುಗಿಸಬೇಕು. ಆದರೆ ಮೂಗಿನ ಮೇಲೆ ಕಲ್ಲು ಉಕ್ಕಿನ ಹಾಗಿತ್ತು. ಡ್ರಿಲ್ಲಿನ ಮೊನೆ ಕೆಂಪಾಯಿತೇ ಹೊರತು ತೂತು ಇಳಿಯಲಿಲ್ಲ. ಪಶ್ಚಿಮದಲ್ಲಿ ಮೋಡ ಕಟ್ಟುತ್ತಿತ್ತು. ಪೊಟರೆ ಕೈಗೆ ಸಿಗುವಷ್ಟು ಹತ್ತಿರ ಕಾಣುತ್ತಿತ್ತು. “ಒಂದೇ ಹೆಜ್ಜೆ, ಮುಗಿಸಿಬಿಡೋಣ,” ಎಂದಳು. ಗಂಟಣ್ಣ, “ಮೇಡಂ ಬೇಡ ಅಂದಿದ್ರಲ್ಲ,” ಎಂದ. ಅವಳು ಕಿವಿಯ ಮೇಲೆ ಹಾಕಿಕೊಳ್ಳಲಿಲ್ಲ. ತಟ್ಟೆಯನ್ನು ತಿರುವಿನ ಆಚೆಗೆ ದಾಟಿಸಿ, ಪೊಟರೆಯ ಒಳಗಿಟ್ಟು ಮೇಲೆ ಬಂದಳು.

ಅತ್ತೆಯ ದನಿಯಲ್ಲಿ ಮೊದಲ ಸಲ ಉತ್ಸಾಹ ಇಳಿಯಿತು. “ಹಳೇ ಜಾಗದಲ್ಲಿ ಕೂತಿದಾಳೆ... ನಿನ್ನೆ ತಟ್ಟೆ ಇದ್ದ ಕಡೆ ಹುಡುಕ್ತಿದಾಳೆ... ಇಲ್ಲ ಕಣೇ, ಈ ಕಡೆ ತಿರುಗ್ತಾನೇ ಇಲ್ಲ.”

ಮಧ್ಯಾಹ್ನವಾಯಿತು. ಡೇಗೆ ಸುತ್ತು ಹಾಕುತ್ತ ಕೂಗುತ್ತಿತ್ತು, ಉಗುರಿನಲ್ಲಿ ಪಾರಿವಾಳ ಹಾಗೇ ಇತ್ತು. ಕೊನೆಗೆ ಅದನ್ನು ಖಾಲಿ ಕಂಬದ ತುದಿಯಲ್ಲಿ ಇಟ್ಟು, ಪಕ್ಕದಲ್ಲೇ ಕೂತುಬಿಟ್ಟಿತು. ಆ ನೋಟ ನೋಡಲಾಗದೆ ಅತ್ತೆ ದುರ್ಬೀನನ್ನು ಹಕ್ಕಿ ಮೇಡಂ ಕೈಗೆ ಕೊಟ್ಟರು.

ಹಲ್ಲಿ ಸೇತುವೆ ದಾಟಿ ಮನೆಯ ಮೆಟ್ಟಿಲು ಹತ್ತಿ ಬಂದಳು. ಮುಖ ಸಣ್ಣಗಾಗಿತ್ತು. “ಅವಸರ ಮಾಡ್ದೆ ಮೇಡಂ. ನಂದೇ ತಪ್ಪು. ಹಿಂದಕ್ಕೆ ತಂದು ನಿನ್ನೆ ಜಾಗದಲ್ಲೇ ಇಡ್ತೀನಿ.”

ಅದೇ ಹೊತ್ತಿಗೆ ಎಂಜಿನಿಯರ್ ಫೋನ್ ಬಂತು. ಗುರುತುಗಳು ಸರಿದಿದ್ದವು. ಹೆಚ್ಚೇನಲ್ಲ, ಕಣ್ಣಿಗೆ ಕಾಣುವಷ್ಟು. ಇನ್ನು ಆ ಕಂಬದ ಆಸುಪಾಸು ಯಾರೂ ಇಳಿಯುವಂತಿಲ್ಲ. ನಿನ್ನೆಯ ಜಾಗವೂ ಆ ಆಸುಪಾಸಿನೊಳಗೇ ಸೇರಿತ್ತು.

 ಹಕ್ಕಿ ಮೇಡಂ ದುರ್ಬೀನು ಇಳಿಸಿ, “ಮೂಗಿನ ತುದಿ?” ಎಂದರು. “ಅಲ್ಲಿಟ್ರೆ ಎರಡೂ ಕಡೆಯಿಂದ ಕಾಣುತ್ತೆ. ಪೊಟರೆ ಒಳಗಿಂದ ಕೂಗಿದ್ದು ಕಂಬದ ಕಡೆಗೆ ಕೇಳಿಸ್ತಿಲ್ಲ, ಅದೇ ತೊಂದರೆ.”

ಹಲ್ಲಿ ಫೋನಿನಲ್ಲಿ ಎಂಜಿನಿಯರನ್ನೇ ಕೇಳಿದಳು. “ಸಾರ್, ಮೂಗು ನೀವು ಇಳೀಬೇಡ ಅಂದ ಜಾಗದಿಂದ ಆಚೆಗಿದೆ ತಾನೇ?”

ಆಚೆ ಕಡೆ ನಕ್ಷೆ ಬಿಚ್ಚುವ ಸದ್ದು. “ಆಚೆಗಿದೆ. ಆದ್ರೆ ಆ ಕಲ್ಲಿಗೆ ನಿನ್ನ ಡ್ರಿಲ್ ಸಾಲಲ್ಲ ಅಂದೆಯಲ್ಲಮ್ಮ?”

“ಬೆಳಿಗ್ಗೆ ಸಾಲಲಿಲ್ಲ. ಈಗ ಸಾಲಿಸ್ತೀನಿ. ಹೊಸ ಮೊನೆ ಹಾಕ್ತೀನಿ, ತಣ್ಣಗೆ ಮಾಡೋಕೆ ನೀರು ಜೊತೆಗಿಟ್ಕೋತೀನಿ.”

“ನನ್ನ ಶೆಡ್ಡಲ್ಲಿ ದೊಡ್ಡ ಡ್ರಿಲ್ ಇದೆ. ತಗೊಂಡು ಹೋಗು. ಕಂಬದ ಕಡೆ ಒಂದು ಕಾಲೂ ಇಡಬೇಡ.”

ಹೊರಡುವಾಗ ಜಗುಲಿಯಲ್ಲಿ ಗಂಡ ಎದ್ದು ನಿಂತಿದ್ದ. ಬೇಡ ಎನ್ನುತ್ತಾನೆ ಎಂದುಕೊಂಡಳು. ಅವನು ಎರಡು ಬಾಟಲಿಗಳಲ್ಲಿ ನೀರು ತುಂಬಿಸಿ ಕೈಗಿಟ್ಟು, “ಇದು ನಿನಗೆ. ಇನ್ನೊಂದು ಡ್ರಿಲ್ಲಿಗೆ,” ಎಂದ.

ಮೂಗಿನ ಮೇಲೆ ಗಾಳಿ ಬೀಸತೊಡಗಿತ್ತು. ಹಗ್ಗದಲ್ಲಿ ತೂಗಾಡುತ್ತ, ಮಂಡಿಯನ್ನು ಕಂಬಗಳ ಮೂಲೆಗೆ ಒತ್ತಿ ಹಿಡಿದು ಹಲ್ಲಿ ಡ್ರಿಲ್ ಮಾಡಿದಳು. ಗಂಟಣ್ಣ ಮೇಲಿನಿಂದ ಸಣ್ಣ ಕೊಳವೆಯಲ್ಲಿ ನೀರು ಬಿಟ್ಟ. ಕರಿ ಕೆಸರು ಅವಳ ಮುಖಕ್ಕೆ ಸಿಡಿಯಿತು. ತೋಳು ಮರಗಟ್ಟಿತು. ಒಂದು ತೂತು ಅರ್ಧಕ್ಕೆ ನಿಂತಿತು, ಬಿಟ್ಟು ಪಕ್ಕದಲ್ಲಿ ಹೊಸದು ಹಿಡಿದಳು. ಈ ಸಲ ಮೊನೆ ಕಲ್ಲನ್ನು ತಿನ್ನುವ ಸದ್ದೇ ಬದಲಾಯಿತು, ಗೊರಗೊರ ಹೋಗಿ ಗುಂಯ್ ಎಂದಿತು. “ಇಳೀತಿದೆ!” ಎಂದು ಕೂಗಿದಳು. ಬೋಲ್ಟ್ ಬಿಗಿದು ಸುತ್ತಿಗೆಯಿಂದ ತಟ್ಟಿದಳು. ಗಂಟೆ ಬಾರಿಸಿದಂತೆ ಟಣ್ ಎಂದಿತು.

ಪೊಟರೆಯಿಂದ ತಟ್ಟೆ ತಂದು ಮೂಗಿನ ತುದಿಗೆ ತೂಗುಹಾಕಿದಳು. ಮರಿಗಳು ಹಸಿವಿನಿಂದ ಸೋತು ಕೂಗುವುದನ್ನೇ ನಿಲ್ಲಿಸಿದ್ದವು. ಅತಿ ಚಿಕ್ಕದು ಉಳಿದೆರಡರ ಅಡಿಯಲ್ಲಿ ಮುದುರಿಕೊಂಡಿತ್ತು. ಅವಳು ಅಂಚಿಗೆ ಬೆರಳಿನಿಂದ ಟಕಟಕ ತಟ್ಟಿದಳು. ದೊಡ್ಡದು ಕಣ್ಣು ಬಿಟ್ಟು, ಅವಳನ್ನೇ ಬೈಯುವಂತೆ, ಗಂಟಲು ಹರಿಯುವಂತೆ ಕೂಗಿತು. ಉಳಿದೆರಡೂ ದನಿಗೂಡಿಸಿದವು. ತಿರುವಿನ ಆಚೆಯ ಕಂಬಗಳಿಗೆ ಆ ಕೂಗು ಬಡಿದು ಮರಳಿತು.

“ಕೂಗಿ, ಚೆನ್ನಾಗಿ ಕೂಗಿ,” ಎಂದು ಹೇಳಿ ಅವಳು ಸರಸರ ಮೇಲೇರಿದಳು. ಮೇಲೆ ಹುಲ್ಲಿನ ಮೇಲೆ ಅಂಗಾತ ಬಿದ್ದು ಫೋನು ಕಿವಿಗಿಟ್ಟಳು.

“ಎದ್ದು ನಿಂತ್ಲು,” ಎಂದರು ಮತ್ತೆ ದುರ್ಬೀನು ಹಿಡಿದ ಅತ್ತೆ. ಆಮೇಲೆ ಫೋನಿನಲ್ಲಿ ಅತ್ತೆಯ ಉಸಿರು ಮಾತ್ರ.

“ಅತ್ತೇ, ಏನಾಯ್ತು? ಹೇಳಿ!”

“ಸುಮ್ನಿರೇ... ಪಾರಿವಾಳ ಎತ್ಕೊಂಡ್ಲು... ಸುತ್ತು ಹಾಕ್ತಿದಾಳೆ... ಮೂಗಿನ ಮುಂದೆ ಬಂದ್ಲು... ದಾಟಿ ಹೋದ್ಲು... ಅಯ್ಯೋ, ತಿರುಗಿದ್ಲು, ತಿರುಗಿದ್ಲು...” ಅತ್ತೆ ಕುರ್ಚಿ ಸರಿಸಿ ಎದ್ದ ಸದ್ದು ಕೇಳಿಸಿತು. “ತಿನ್ನಿಸ್ತಿದಾಳೆ ಹಲ್ಲಿ. ಮೂರಕ್ಕೂ ತಿನ್ನಿಸ್ತಿದಾಳೆ.”

ಸೇತುವೆಯ ಮೇಲಿನಿಂದ ಸಿಳ್ಳೆ, ಚಪ್ಪಾಳೆ ಗೋಡೆಯ ತುದಿಯವರೆಗೂ ಕೇಳಿಸಿತು. ಗಂಟಣ್ಣ ತನ್ನ ಹರಿದ ಛತ್ರಿಯನ್ನು ಬಿಚ್ಚಿ ಗಾಳಿಯಲ್ಲಿ ಆಡಿಸಿದ.

ಮರುದಿನ ಬೆಳಿಗ್ಗೆ ತುಂತುರಿನಲ್ಲೇ ತಟ್ಟೆ ಪೊಟರೆಗೆ ತಿರುಗಿತು. ಹಲ್ಲಿ ಕೈಬಿಡುವ ಮೊದಲೇ ತಾಯಿ ಡೇಗೆ ಬಂದು ಅವಳ ಹೆಲ್ಮೆಟ್ಟಿಗೆ ಬಾರಿಸಿತು. ಏಟು ತಿಂದು ಅಷ್ಟು ಸಂತೋಷಪಟ್ಟವರು ಆ ಗೋಡೆಯ ಮೇಲೆ ಹಿಂದೆ ಯಾರೂ ಇದ್ದಿರಲಾರರು. ತಟ್ಟೆಯನ್ನು ಬೋಲ್ಟಿನಿಂದ ಭದ್ರಮಾಡಿ, ಸುತ್ತ ಜಲ್ಲಿ ಹರಡಿ, “ಇನ್ನು ನಿನ್ನ ಮನೆ ನಿನಗೆ, ತಾಯಿ,” ಎಂದು ಹೇಳಿ ಬಂದಳು.

ಅಂದು ಮಧ್ಯಾಹ್ನವೇ ಕಂಬ ಕೆಡವಲು ಎಂಜಿನಿಯರ್ ತೀರ್ಮಾನಿಸಿದರು. ಮದ್ದು ಸಿಡಿಸಿದರೆ ಗೋಡೆಯೆಲ್ಲ ನಡುಗುತ್ತದೆ, ಮರಿಗಳು ಬೆದರುತ್ತವೆ. ಹಾಗಾಗಿ ಬಿರುಕಿನೊಳಗೆ ದಪ್ಪ ರಬ್ಬರಿನ ಗಾಳಿಚೀಲಗಳನ್ನು ಮೇಲಿನಿಂದಲೇ ಇಳಿಬಿಟ್ಟು, ದೂರದಿಂದ ಗಾಳಿ ತುಂಬುವುದೆಂದು ಗೊತ್ತುಮಾಡಿದರು. ಹಲ್ಲಿಯೇ ಪಂಪಿನ ಹತ್ತಿರ ನಿಂತಳು. ಮಳೆ ಸುರಿಯುತ್ತಿತ್ತು. ಚೀಲಗಳು ಉಬ್ಬಿದವು. ಮೊದಲು ಏನೂ ಆಗಲಿಲ್ಲ. ಆಮೇಲೆ ಒಳಗೆಲ್ಲೋ ಮರ ಮುರಿದಂಥ ಸದ್ದು. ಕಂಬ ತಲೆ ಬಾಗಿಸಿ, ಒಂದು ಕ್ಷಣ ನಿಂತಂತೆ ಮಾಡಿ, ಗೋಡೆಯಿಂದ ಬೇರ್ಪಟ್ಟಿತು. ಗಾಳಿಯಲ್ಲಿ ತುಂಡು ತುಂಡಾಗಿ ಬಿಚ್ಚಿಕೊಂಡು ಬುಡಕ್ಕೆ ಅಪ್ಪಳಿಸಿತು. ನೆಲ ಅದುರಿದ್ದು ಸೇತುವೆಯ ಮೇಲಿದ್ದವರ ಪಾದಕ್ಕೂ ತಿಳಿಯಿತು.

ಬಂಡೆಯ ತುಂಡುಗಳು ಬಹುಪಾಲು ರಸ್ತೆಯ ಮೇಲೇ ನಿಂತವು. ಒಂದು ಮಾತ್ರ ಉರುಳುತ್ತ ಉರುಳುತ್ತ ಹೋಗಿ ಬೇಕರಿಯ ಮುಂಬಾಗಿಲನ್ನು ಒಡೆದು, ಗಾಜಿನ ಕಪಾಟಿನ ಮುಂದೆ ಗಿರಾಕಿಯ ಹಾಗೆ ನಿಂತುಕೊಂಡಿತು. ಬೇಕರಿಯಾಕೆ ಬಂದು, ಸೊಂಟದ ಮೇಲೆ ಕೈಯಿಟ್ಟು ಅದನ್ನು ನೋಡಿದಳು. ದಿನವೂ ಅದೇ ಹೊತ್ತಿಗೆ ಆ ಕಪಾಟಿನ ಹಿಂದೆ ಅವಳು ನಿಂತಿರುತ್ತಿದ್ದಳು. ಹಲ್ಲಿಯ ಕಡೆ ತಿರುಗಿ, ಅವಳ ಕೆಸರು ಮೆತ್ತಿದ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು.

ಕಂಬ ಬಿದ್ದ ಕಡೆ ಗೋಡೆ ಹೊಸದಾಗಿ ತೆರೆದುಕೊಂಡಿತ್ತು. ಹೊರಗಿನ ಗಾಳಿಯನ್ನೇ ಕಾಣದ ಕಲ್ಲು ನೀಲಿ ಬೂದಾಗಿ ಹೊಳೆಯುತ್ತಿತ್ತು. ಎರಡು ಲಾವಾ ಪದರಗಳ ನಡುವೆ ಸುಟ್ಟ ಇಟ್ಟಿಗೆಯಂಥ ಕೆಂಪು ಮಣ್ಣಿನ ಪಟ್ಟಿ. ಅದರಿಂದ ಇಷ್ಟು ದಿನ ಕಂಬದ ಹಿಂದೆ ತುಂಬಿ ಕೂತಿದ್ದ ನೀರು ದಪ್ಪ ಧಾರೆಯಾಗಿ ಸುರಿಯುತ್ತಿತ್ತು. ಎಂಜಿನಿಯರ್ ಅದಕ್ಕೆ ಅಲ್ಲೇ ಕೊಳವೆ ಹಾಕಿಸಿ ನದಿಗೆ ದಾರಿ ಮಾಡಿಕೊಟ್ಟರು. “ಇನ್ನು ನನ್ನ ಕಾಲಕ್ಕಂತೂ ಇಲ್ಲಿಂದ ಏನೂ ಬೀಳಲ್ಲ,” ಎಂದರು. ಹಲ್ಲಿ ಹೊಸ ಮೈಯನ್ನು ಮೇಲಿನಿಂದ ಕೆಳಗಿನವರೆಗೆ ತಟ್ಟಿ ನೋಡಿ, ಅವರ ಮಾತಿಗೆ ಒಪ್ಪಿಗೆ ಕೊಟ್ಟಳು. ರಸ್ತೆ ತೆರೆಯಿತು. ಕ್ಷೌರಿಕ ಕುರ್ಚಿ ಹೊತ್ತುಕೊಂಡು ಅಂಗಡಿಗೆ ಮರಳಿದ, ಬೇಕರಿಗೆ ಹೊಸ ಬಾಗಿಲು ಬಂತು.

ಮಳೆ ಬಿಡುವು ಕೊಟ್ಟ ಒಂದು ಬೆಳಿಗ್ಗೆ ದೊಡ್ಡ ಮರಿ ಪೊಟರೆಯ ಅಂಚಿಗೆ ಬಂದು ರೆಕ್ಕೆ ಬಡಿಯಿತು. ಬಿಳಿ ತುಪ್ಪುಳೆಲ್ಲ ಉದುರಿ ಕಂದು ಗರಿ ಬಂದಿತ್ತು. ಹಕ್ಕಿ ಮೇಡಂ ಅದಕ್ಕೆಂದೇ ಬಂದು ತಾರಸಿಯ ಮೇಲೆ ಹಲ್ಲಿ, ಅತ್ತೆಯ ಜೊತೆ ಕೂತಿದ್ದರು. ಗಂಡು ಡೇಗೆ ಉಗುರಿನಲ್ಲಿ ಬೇಟೆ ಹಿಡಿದು, ಕೊಡದೆ, ಹಾರಿ ಬಂದು ತಗೊಳ್ಳಿ ಎನ್ನುವಂತೆ ಮರಿಗಳ ಕಣ್ಣೆದುರೇ ಹಾರಾಡುತ್ತಿತ್ತು. ದೊಡ್ಡದು ಹಾರಿತು. ಎರಡನೆಯದು ಅದರ ಹಿಂದೆಯೇ ಹಾರಿತು. ಚಿಕ್ಕದು ಹಾರಿದ್ದೇನೋ ನಿಜ, ಆದರೆ ನದಿ ದಾಟುವ ಹೊತ್ತಿಗೆ ದಣಿದು, ಗಾಳಿಗೆ ಸಿಕ್ಕಿ, ನೇರವಾಗಿ ಇವರ ತಾರಸಿಗೇ ಬಂದು, ಒಗೆದು ಹರವಿದ್ದ ಬಟ್ಟೆಗಳ ನಡುವೆ ದೊಪ್ಪೆಂದು ಇಳಿಯಿತು.

ಯಾರೂ ಅಲುಗಾಡಲಿಲ್ಲ. ಮರಿ ಹಲ್ಲಿಯನ್ನು ನೋಡಿತು, ಅತ್ತೆಯನ್ನು ನೋಡಿತು. ಮೈ ಕೊಡವಿಕೊಂಡಿತು.

“ದುರ್ಬೀನು ಬೇಡ್ವಾ ಅತ್ತೆ?” ಎಂದು ಹಲ್ಲಿ ಪಿಸುಗುಟ್ಟಿದಳು.

“ಉಸಿರು ಬಿಡಬೇಡ ಸುಮ್ನಿರು,” ಎಂದರು ಅತ್ತೆ, ತಾವೇ ಉಸಿರು ಬಿಗಿಹಿಡಿದು.

ಮೇಲೆ ತಾಯಿ ಡೇಗೆ ಕರೆಯಿತು. ಮರಿ ತಾರಸಿಯ ಕಟ್ಟೆಗೆ ಹತ್ತಿ, ನದಿಯ ಕಡೆ ಮುಖ ಮಾಡಿ, ಈ ಸಲ ಗಾಳಿಯನ್ನು ಸರಿಯಾಗಿ ಹಿಡಿದು ಹಾರಿತು. ಮೊದಲು ತಗ್ಗಿತು, ನೀರಿಗೆ ತಾಗಿಯೇಬಿಟ್ಟಿತೇನೋ ಎನ್ನುವಷ್ಟು ತಗ್ಗಿತು. ಆಮೇಲೆ ಏರಿತು. ಐದೂ ಹಕ್ಕಿಗಳು ಗೋಡೆಯ ಮುಂದೆ ಒಂದು ಸುತ್ತು ಹಾಕಿ, ಮೇಲಿನ ಬಯಲಿನ ಕಡೆಗೆ ತಿರುಗಿದವು.